ಆವರಗೆರೆಯಿಂದ ವರ್ಸೇಲ್ಸ್‌ಗೆ

ಹದಿನಾರನೆಯ ಲೂಯಿ ದೊರೆಯ ಬೊಕ್ಕಸ ಬರಿದಾಗಿದೆ ಎಂಬ ಸುದ್ದಿ ಆವರಗೆರೆಗೆ ಮುಟ್ಟಿದ್ದು ಒಂದು ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ. ಆ ಹೊತ್ತಿಗೆ ಚೌಡವ್ವನ ರೊಟ್ಟಿಮನೆಯಲ್ಲಿ ಎರಡನೇ ಸಲದ ಹಿಟ್ಟಿಗೆ ಎಸರು ಬೀಳುತ್ತಿತ್ತು.

"ದೊರೆ ಮನೇಲೇ ಏನೂ ಇಲ್ಲ ಅಂದ್ರೆ ಜನ ಏನ್ ತಿನ್ಬೇಕಪ್ಪ?" ಎಂದು ಚೌಡವ್ವ ಕೇಳಿದಳು. ಕೇಳಿದ್ದು ಗೋಡೆಯ ಮೊಳೆಯನ್ನು. ಆ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಮೀನಾಕ್ಷಿಯ ಫೋನು, ಫೋನಿನೊಳಗೆ ಅಂಜನಕುಮಾರ ಸರ್.

ಮೊಳೆ ಉತ್ತರ ಕೊಡಲಿಲ್ಲ. "ಮುಂದಿನ ಅಂಶಕ್ಕೆ ಹೋಗೋಣ" ಎಂದಿತು.

ಮೀನಾಕ್ಷಿ ಆನ್‌ಲೈನಿನಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದಳು. ಅಧ್ಯಯನ ಕೇಂದ್ರ ಇದ್ದದ್ದು ಹರಿಹರದಲ್ಲಿ. ಪಾಠ ಮಾತ್ರ ನೀವು ಎಲ್ಲಿದ್ದರೆ ಅಲ್ಲಿಗೇ ಬರುತ್ತದೆ ಎಂದು ಪ್ರವೇಶದ ಕರಪತ್ರದಲ್ಲಿ ಬರೆದಿತ್ತು. ಅವಳು ಇರುತ್ತಿದ್ದದ್ದು ರೊಟ್ಟಿಮನೆಯಲ್ಲಿ. ಬೆಳಿಗ್ಗೆ ಆರಕ್ಕೆ ಕೂತರೆ ಹನ್ನೆರಡೂವರೆಯವರೆಗೆ ಏಳುವಂತಿಲ್ಲ. ಕರೂರು ಕೈಗಾರಿಕಾ ಪ್ರದೇಶದ ಕ್ಯಾಂಟೀನುಗಳಿಗೂ ಪಕ್ಕದ ದಾವಣಗೆರೆಯ ಎರಡು ಹಾಸ್ಟೆಲ್ ಮೆಸ್ಸುಗಳಿಗೂ ಮಧ್ಯಾಹ್ನ ಒಂದು ಗಂಟೆಯೊಳಗೆ ಜೋಳದ ರೊಟ್ಟಿ ಮುಟ್ಟಬೇಕು. ಕ್ಲಾಸು ಹತ್ತರಿಂದ ಹನ್ನೆರಡು. ಹೊತ್ತು ಒಂದೇ ಆದದ್ದರಿಂದ ಮೀನಾಕ್ಷಿ ತನ್ನನ್ನೇ ಎರಡು ಪಾಲು ಮಾಡಿದಳು: ಕಿವಿ ಕ್ಲಾಸಿಗೆ, ಕೈ ಹಲಗೆಗೆ.

ಮೊದಲ ವಾರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಳು. ಅದು ಚೌಡವ್ವನಿಗೆ ಸರಿಬರಲಿಲ್ಲ. ಚೌಡವ್ವ ಆ ಶೆಡ್ಡಿನ ಒಡತಿ, ಎಪ್ಪತ್ತರ ಹತ್ತಿರದವಳು, ಶಾಲೆಯ ಕಟ್ಟೆ ಹತ್ತಿದವಳಲ್ಲ. ಆದರೆ ತನ್ನ ಸೂರಿನಡಿ ಯಾರಾದರೂ ಒಬ್ಬರೇ ಏನನ್ನಾದರೂ ತಿನ್ನುವುದನ್ನೂ ಕೇಳುವುದನ್ನೂ ಸಹಿಸಿದವಳೂ ಅಲ್ಲ. "ಒಬ್ಬಾಕೇನೇ ಏನ್ ಕೇಳ್ತಿಯವ್ವ? ನಮಗೂ ಹಾಕು" ಎಂದಳು. ಅವತ್ತಿನಿಂದ ಫೋನು ಸ್ಪೀಕರಿಗೆ ಬಂತು, ಹಿಟ್ಟು ಸೇರದಿರಲೆಂದು ಚೀಲಕ್ಕೆ ಹೋಯಿತು, ಮೊಳೆಗೆ ಏರಿತು.

ಹೀಗೆ ಫ್ರಾನ್ಸಿನ ಕ್ರಾಂತಿಗೆ ನಾಲ್ವರು ವಿದ್ಯಾರ್ಥಿಗಳಾದರು. ಮೀನಾಕ್ಷಿ, ಅವಳ ಪಕ್ಕದ ಹಲಗೆಯಲ್ಲಿ ಅವಳ ತಾಯಿ ಮಾರೆಮ್ಮ, ಎದುರಿಗೆ ಚೌಡವ್ವ, ಒಲೆಯ ಮುಂದೆ ಹೆಂಚಿನ ಮೇಲೆ ರೊಟ್ಟಿ ಮಗುಚುವ ಬೀಬಿಜಾನ್. ಮಾರೆಮ್ಮನದು ಮಾತು ಕಡಿಮೆ, ತಟ್ಟುವುದು ಜಾಸ್ತಿ. ಬೀಬಿಜಾನಿಗೆ ರಾಜಕೀಯ ಬೇಕಿರಲಿಲ್ಲ, ಸಂಸಾರ ಬೇಕಿತ್ತು. ಚೌಡವ್ವನಿಗೆ ಎಲ್ಲವೂ ಬೇಕಿತ್ತು.

ಸರ್‌ಗೆ ಒಂದು ಅಭ್ಯಾಸ. ಹತ್ತು ನಿಮಿಷಕ್ಕೊಮ್ಮೆ ಪಾಠ ನಿಲ್ಲಿಸಿ, "ಕೇಳಿಸ್ತಾ ಇದೆಯಾ?" ಎನ್ನುವರು. ಅವರ ಎದುರಿಗೆ ಇದ್ದದ್ದು ಮೂವತ್ತೊಂದು ಕಪ್ಪು ಚೌಕ. ಯಾವ ಚೌಕವೂ ಬಾಯಿ ಬಿಡುತ್ತಿರಲಿಲ್ಲ. ರೊಟ್ಟಿಮನೆಯಲ್ಲಿ ಮಾತ್ರ ಮೂರು ಬಾಯಿ ಒಟ್ಟಿಗೆ "ಕೇಳಿಸ್ತೈತ್ರೀ!" ಎಂದು ಕೂಗುತ್ತಿದ್ದವು.

"ಯಾರೂ ಇಲ್ವಾ?" ಎಂದು ಸರ್ ಕೇಳುವರು.

"ಇದೀವಲ್ಲಪ್ಪ ಇಲ್ಲೇ!" ಎಂದು ಚೌಡವ್ವ.

"ಅಜ್ಜಿ, ಮೈಕ್ ಆಫ್ ಐತೆ. ಅವ್ರಿಗೆ ಕೇಳಲ್ಲ" ಎಂದು ಮೀನಾಕ್ಷಿ ನಗುವಳು.

"ಕೇಳದಿದ್ರೆ ಬಿಡ್ಲಿ. ಮನುಷ್ಯ ಕೂಗಿದ ಮ್ಯಾಲೆ ಓ ಅನ್ಬೇಕು."

ಮೀನಾಕ್ಷಿ ಮೈಕನ್ನಾಗಲಿ ಕ್ಯಾಮೆರಾವನ್ನಾಗಲಿ ಹಾಕುತ್ತಿರಲಿಲ್ಲ. ಮೊದಲ ದಿನ ಒಮ್ಮೆ ಹಾಕಿದ್ದಳು. ಉಳಿದವರ ಹಿಂದೆ ಪುಸ್ತಕದ ಕಪಾಟು, ಹೂವಿನ ಪರದೆ, ಒಬ್ಬಳ ಹಿಂದೆ ಎರಡು ಬಾಗಿಲಿನ ಫ್ರಿಜ್ಜು. ತನ್ನ ಹಿಂದೆ ಹೊಗೆ ಹಿಡಿದ ಗೋಡೆ, ಹಿಟ್ಟಿನ ಮೂಟೆ. ತಕ್ಷಣ ಆರಿಸಿದಳು. ಆಮೇಲೆ ಎಲ್ಲರೂ ತಮ್ಮ ಪರಿಚಯ ಬರೆಯಬೇಕಾಗಿ ಬಂದಾಗ ಒಬ್ಬಳು "ಖಾಸಗಿ ಶಾಲಾ ಶಿಕ್ಷಕಿ" ಎಂದು ಬರೆದಳು, ಇನ್ನೊಬ್ಬ "ಬ್ಯಾಂಕ್ ನೌಕರ" ಎಂದ. ಮೀನಾಕ್ಷಿ "ಗೃಹೋದ್ಯಮ" ಎಂದು ಬರೆದು ಕೈ ತೊಳೆದುಕೊಂಡಳು.

ಇನ್ನೊಂದು ವಿಚಿತ್ರವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಭಾನುವಾರ ರಜೆಯ ದಿನ ನೋಟ್ಸ್ ಹಿಡಿದು ಕೂತರೆ ತಲೆಯಲ್ಲಿ ಒಂದು ಇಸವಿಯೂ ನಿಲ್ಲುತ್ತಿರಲಿಲ್ಲ. ಸೋಮವಾರ ಹಿಟ್ಟಿನ ಉಂಡೆ ಹಲಗೆಗೆ ಬಿದ್ದು ಅಂಗೈ ಏಟು ಶುರುವಾಯಿತೋ, ಕೋಟೆ ಬಿದ್ದ ತಾರೀಕು, ಸಭೆ ಕೂಡಿದ ಊರು, ಸರ್ ಕೆಮ್ಮಿದ ಜಾಗ ಸಮೇತ ಎಲ್ಲ ಸಾಲುಗಟ್ಟಿ ಬರುತ್ತಿತ್ತು. ಪಾಠ ತಲೆಗೆ ಹೋಗದೆ ಕೈಯಲ್ಲೇ ಉಳಿದುಬಿಟ್ಟಿದೆ ಎಂದು ಅವಳಿಗೆ ತಮಾಷೆಯಾಗಿ ಕಾಣುತ್ತಿತ್ತು.

ರಾಣಿಯ ಪಾಠದ ದಿನ ಬೀಬಿಜಾನ್ ಹೆಂಚು ಬಿಟ್ಟು ಎದ್ದು ಬಂದಳು. "ಆಯಮ್ಮಂಗೆ ಮಕ್ಕಳೆಷ್ಟಂತೆ? ಕೇಳೇ."

"ಅದು ಸಿಲಬಸ್ಸಿನಾಗೆ ಇಲ್ಲ ಬೀಬಕ್ಕ."

"ಮಕ್ಕಳು ಇಲ್ದೆ ಅದೆಂಥ ಸಿಲಬಸ್ಸು? ಕೇಳೇ ಅಂದ್ರೆ."

ಮೀನಾಕ್ಷಿ ಹಿಟ್ಟು ಹತ್ತದ ಕಿರುಬೆರಳಿನಿಂದ ಒತ್ತಿ ಒತ್ತಿ ಆ ಪ್ರಶ್ನೆಯನ್ನು ಕಳಿಸಿದಳು. ಸರ್ ಅದನ್ನು ಗಟ್ಟಿಯಾಗಿ ಓದಿದರು. ಆಮೇಲೆ ಅವರ ಧ್ವನಿಗೆ ಯಾರೋ ಎಣ್ಣೆ ಬಿಟ್ಟ ಹಾಗಾಯಿತು. "ಒಳ್ಳೇ ಪ್ರಶ್ನೆ ಮೀನಾಕ್ಷಿ! ಬಹಳ ಒಳ್ಳೇ ಪ್ರಶ್ನೆ!" ಎಂದು ಪಾಠ ಬಿಟ್ಟು ಹತ್ತು ನಿಮಿಷ ಹೇಳಿದರು. ನಾಲ್ಕು ಮಕ್ಕಳು, ಒಂದು ಹಸುಗೂಸಾಗಿದ್ದಾಗಲೇ ಹೋಯಿತು, ದೊಡ್ಡ ಮಗ ತೀರಿದ್ದು ಕ್ರಾಂತಿ ಹೊತ್ತಿಕೊಂಡ ಬೇಸಿಗೆಯಲ್ಲೇ. ಮಗನ ಕೊರಗಿನಲ್ಲಿದ್ದ ತಾಯಿಯ ಮನೆ ಮುಂದೆ ಊರೆಲ್ಲ ಬಂದು ನಿಂತಿತು ಎಂದು ಹೇಳುವಾಗ ಬೀಬಿಜಾನ್ ಸೆರಗಿನಿಂದ ಕಣ್ಣೊರೆಸಿಕೊಂಡಳು, ಹೆಂಚಿನ ಮೇಲೆ ಎರಡು ರೊಟ್ಟಿ ಕರಕಾದವು. "ಹಿರಿಯ ಮಗಳ ಕಥೆ ಇನ್ನೊಂದು ದಿನ ನೋಡೋಣ" ಎಂದು ಸರ್ ಕ್ಲಾಸು ಮುಗಿಸಿದರು. ಆ ಇನ್ನೊಂದು ದಿನ ಬರಲೇ ಇಲ್ಲ. ಬೀಬಿಜಾನ್ ಎರಡು ತಿಂಗಳು ಕಾದಳು.

ಚೌಡವ್ವನ ಪಾಠವೆಂದರೆ ಹೆಂಗಸರ ಮೆರವಣಿಗೆ. ಪ್ಯಾರಿಸ್ಸಿನ ಸಂತೆಯಲ್ಲಿ ರೊಟ್ಟಿ ಸಿಗದೆ ರೋಸಿದ ಹೆಂಗಸರು ಮಳೆಯಲ್ಲಿ ನೆನೆಯುತ್ತ, ಫಿರಂಗಿ ಎಳೆದುಕೊಂಡು, ಇಪ್ಪತ್ತು ಕಿಲೋಮೀಟರ್ ನಡೆದು ವರ್ಸೇಲ್ಸಿನ ಅರಮನೆಗೆ ಹೋಗಿ ದೊರೆಯನ್ನೇ ಊರಿಗೆ ಕರೆತಂದ ಸಂಗತಿ.

"ಇಪ್ಪತ್ತು ಅಂದ್ರೆ ಎಷ್ಟು ದೂರ ಆತು?" ಎಂದಿದ್ದಳು ಚೌಡವ್ವ.

"ನಮ್ಮ ಆವರಗೆರೆಯಿಂದ ಹರಿಹರದ ಹೊಳೆಗೆ ಹೋದಷ್ಟು ಅಂದ್ಕೋ."

"ಅಷ್ಟೇನಾ? ಅಷ್ಟಕ್ಕೆ ಪುಸ್ತಕದಾಗೆ ಬರೆದಾರಾ?" ಎಂದಳಾದರೂ ಆ ವಾರವೆಲ್ಲ ಅವಳ ರೊಟ್ಟಿ ಸ್ವಲ್ಪ ಅಗಲವಾಗಿಯೇ ಬಂತು.

ಮೌಖಿಕ ಪರೀಕ್ಷೆಯೂ ಆನ್‌ಲೈನೇ. ಇಪ್ಪತ್ತು ಅಂಕ. ಮೀನಾಕ್ಷಿಯ ಸರದಿ ಹನ್ನೊಂದೂವರೆಗೆ ಇತ್ತು. ಹೊತ್ತಿಗೆ ಸರಿಯಾಗಿ ಕೈ ತೊಳೆದು, ಶೆಡ್ಡಿನ ಹಿಂದಿನ ಬೇವಿನ ಮರದಡಿ ಹೋಗಿ ಕೂರುವುದೆಂದು ಲೆಕ್ಕ ಹಾಕಿದ್ದಳು. ಅವತ್ತೇ ಹದಡಿಯ ಒಂದು ಮದುವೆ ಮನೆಯಿಂದ ಎಂಟುನೂರು ರೊಟ್ಟಿ ಹೇಳಿದ್ದರು. ಹತ್ತೂಮುಕ್ಕಾಲಿಗೆ ಚೀಲದೊಳಗಿಂದ ಸರ್ ಕರೆದರು: "ಮೀನಾಕ್ಷಿ. ನಿಮಗಿಂತ ಮುಂಚಿನ ನಾಲ್ಕು ಜನ ಬಂದಿಲ್ಲ. ಮೀನಾಕ್ಷಿ, ಇದೀರಾ? ಮೂರನೇ ಸಲ ಕರೀತಿದೀನಿ, ಮೀನಾಕ್ಷಿ."

ಮೊಣಕೈವರೆಗೂ ಹಿಟ್ಟು. ಮೀನಾಕ್ಷಿ ಕಣ್ಣಲ್ಲೇ ಬೇಡಿಕೊಂಡಳು. ಬೀಬಿಜಾನ್ ಎದ್ದು, ಚೀಲದ ಮೇಲಿಂದಲೇ ಬೆರಳ ಗೆಣ್ಣಿನಿಂದ ಒತ್ತಿ ಮೈಕು ಹಾಕಿದಳು.

"ಇದೀನಿ ಸರ್!"

ಮೊದಲ ಪ್ರಶ್ನೆ ಬಂತು. ಗಾಬರಿಯಲ್ಲಿ ಮೀನಾಕ್ಷಿಯ ಕೈಗೆ ನಿಲ್ಲುವುದು ತಿಳಿಯಲಿಲ್ಲ; ತಟ್ಟುತ್ತಲೇ ಉತ್ತರ ಹೇಳಿದಳು. ಎರಡನೆಯದು, ಮೂರನೆಯದು. ಒಂದಕ್ಕಿಂತ ಒಂದು ನೀಟಾಗಿ, ಗುಂಡಗೆ ಬಂದವು. ಮೆರವಣಿಗೆಯಲ್ಲಿ ಎಷ್ಟು ಹೆಂಗಸರಿದ್ದರು ಎಂದು ಕೇಳಿದಾಗ ಉಂಡೆ ಮುಗಿದಿತ್ತು. ಇನ್ನೊಂದು ಉಂಡೆಗೆ ಕೈ ಚಾಚಿದಳು, ನಾಲಿಗೆ ತಡವರಿಸಿತು. ಎದುರಿನಿಂದ ಚೌಡವ್ವ, ತಾನು ಪಿಸುಗುಡುತ್ತಿದ್ದೇನೆಂದು ಪ್ರಾಮಾಣಿಕವಾಗಿ ನಂಬಿ, "ಏಳು ಸಾವಿರ" ಎಂದಳು.

"ಯಾರದು?" ಎಂದರು ಸರ್.

"ಯಾರೂ ಇಲ್ಲ ಸರ್."

ಈ ಮಾತು ಬಾಯಿಂದ ಬಿದ್ದದ್ದೇ ಮೀನಾಕ್ಷಿಗೆ ಪಕ್ಕದಲ್ಲಿ ಕೂತ ತಾಯಿಯ ಕಡೆ ನೋಡಲಾಗಲಿಲ್ಲ.

"ಆಗಿಂದ ಅದೇನು ಪಟಪಟ ಸದ್ದು? ಟೈಪ್ ಮಾಡಿ ಹುಡುಕಿ ಹೇಳ್ತಾ ಇದೀರಾ?"

"ಇಲ್ಲ ಸರ್."

"ಕ್ಯಾಮೆರಾ ಹಾಕಿ."

ಬೀಬಿಜಾನ್ ಅದನ್ನೂ ಒತ್ತಿದಳು. ಎಸರಿನ ಹಬೆ ಚೀಲದೊಳಗೆಲ್ಲ ಕೂತಿತ್ತು. "ಮುಖ ಕಾಣ್ತಿಲ್ಲ, ಬರೀ ಮೋಡ ಕಾಣ್ತಿದೆ" ಎಂದರು ಸರ್, ಬೇಸರದಿಂದ. ಆಮೇಲೆ ಫೋನು ತಣ್ಣಗಾಯಿತು.

ಸಂಜೆಗೆ ಸಂದೇಶ ಬಂತು. ಅನ್ಯರ ನೆರವು ಪಡೆದ ಅನುಮಾನ ಇರುವುದರಿಂದ ಶನಿವಾರ ಮಧ್ಯಾಹ್ನ ಮೂರಕ್ಕೆ ಹರಿಹರದ ಕೇಂದ್ರಕ್ಕೆ ಖುದ್ದಾಗಿ ಬಂದು ಉತ್ತರಿಸಬೇಕು. ತಪ್ಪಿದರೆ ನಕಲು ಎಂದು ಬರೆಯಲಾಗುವುದು. ನಕಲು ಎಂದರೆ ಈ ವರ್ಷದ ಓದು ಹೋಯಿತು. ವರ್ಷ ಹೋದರೆ ಮತ್ತೊಂದು ವರ್ಷ ಬರುತ್ತದೆ. ಹೆಸರಿನ ಮುಂದೆ ಕೂತ ಆ ಪದ ಹೋಗುವುದಿಲ್ಲ. ಯಾವತ್ತಾದರೂ ಒಂದು ಕಾಲೇಜಿನ ತರಗತಿಯಲ್ಲಿ, ಕಾಣುವ ಮುಖಗಳ ಮುಂದೆ ನಿಂತು ಪಾಠ ಮಾಡಬೇಕು ಎಂಬುದಕ್ಕಾಗಿಯೇ ಮೀನಾಕ್ಷಿ ಈ ಎಂ.ಎ.ಗೆ ಕೈ ಹಾಕಿದ್ದಳು. ನಕಲು ಮಾಡಿದವಳ ಕೈಗೆ ಯಾರು ಸೀಮೆಸುಣ್ಣ ಕೊಡುತ್ತಾರೆ?

ಮರುದಿನ ರೊಟ್ಟಿಮನೆಯಲ್ಲಿ ಕ್ಲಾಸಿಗಿಂತ ದೊಡ್ಡ ಚರ್ಚೆ ನಡೆಯಿತು.

"ಅದು ರೊಟ್ಟಿ ಸದ್ದು ಅಂತ ಹೇಳಾಕೆ ಏನ್ ರೋಗ ಬಂದಿತ್ತು ನಿಂಗೆ?" ಎಂದಳು ಚೌಡವ್ವ. "ಈಗಾದ್ರೂ ಫೋನ್ ಮಾಡಿ ಹೇಳು."

ಮೀನಾಕ್ಷಿ ಹಿಟ್ಟನ್ನು ನೋಡುತ್ತ ಕೂತಳು.

"ಬಿಡಜ್ಜಿ, ಅವಳಿಗೆ ಹೇಳಾಕೆ ಆಗಿಲ್ಲ" ಎಂದಳು ಮಾರೆಮ್ಮ, ಮೆಲ್ಲಗೆ. ಎಂದವಳೇ ಇನ್ನೊಂದು ಏಟು ಹಾಕಿದಳು. ರೊಟ್ಟಿ ನಡುವಿಗೆ ಹರಿಯಿತು. ತಾಯಿಯ ಕೈಯಲ್ಲಿ ರೊಟ್ಟಿ ಹರಿದದ್ದನ್ನು ಮೀನಾಕ್ಷಿ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮಾರೆಮ್ಮ ಅದನ್ನು ಮತ್ತೆ ಉಂಡೆ ಮಾಡಿ, ಏನೂ ಆಗದವಳಂತೆ ತಟ್ಟತೊಡಗಿದಳು.

ಸ್ವಲ್ಪ ಹೊತ್ತಿನ ಮೇಲೆ ಚೌಡವ್ವ ಕೇಳಿದಳು, "ಆ ಪ್ಯಾರಿಸ್ ಹೆಂಗಸ್ರು ಹೆಂಗೆ ಹೋದ್ರಂದೆ?"

"ನಡ್ಕಂಡು ಅಜ್ಜಿ. ಯಾಕೆ?"

"ಏನಿಲ್ಲ. ನಮ್ಮ ರೊಟ್ಟಿ ಒಯ್ಯೋ ಗೌಸ್ ಪೀರನ ಲಗೇಜ್ ಆಟೋ ಐತಲ್ಲ ಅಂತ."

ಮೀನಾಕ್ಷಿ ಹಿಟ್ಟಿನ ಕೈಯಲ್ಲೇ ಕೈಮುಗಿದಳು. "ಅಜ್ಜಿ! ಬ್ಯಾಡ. ಯಾರೂ ಬರಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ನಾನೊಬ್ಬಳೇ ಹೋಗಿ ಬರ್ತೀನಿ."

"ಆತು ಬಿಡವ್ವ" ಎಂದಳು ಚೌಡವ್ವ. ಅವಳು ಇಷ್ಟು ಬೇಗ ಯಾವುದಕ್ಕೂ ಒಪ್ಪಿದವಳಲ್ಲ ಎಂಬುದು ಮೀನಾಕ್ಷಿಗೆ ಆ ಗಾಬರಿಯಲ್ಲಿ ಹೊಳೆಯಲಿಲ್ಲ.

ಶನಿವಾರ ಅವಳು ಉಗುರಿನ ಸಂದಿಯ ಹಿಟ್ಟನ್ನೆಲ್ಲ ಕಡ್ಡಿಯಿಂದ ತೆಗೆದು, ಇಸ್ತ್ರಿಯ ಚೂಡಿದಾರ ತೊಟ್ಟು ಹರಿಹರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ನೋಟ್ಸ್ ಓದಿದಳು. ಹರಿಹರ ಬರುವ ಹೊತ್ತಿಗೆ ಮೋಡ ಕವಿದಿತ್ತು, ತಲೆಯೊಳಗೂ.

ಕೇಂದ್ರವೆಂದರೆ ಗುಡಿಯ ಬೀದಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆ, ಒಂದು ಜಗಲಿ. ಜವಾನ ಬಡೇಸಾಬ್ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದ. "ವೈವಾಕ್ಕೇನಮ್ಮ? ಹೋಗ್ರಿ ಒಳಗೆ. ಸಾಹೇಬ್ರು ಬೆಳಗ್ಗಿಂದ ಒಂದು ನರಪಿಳ್ಳೇನೂ ನೋಡಿಲ್ಲ" ಎಂದ.

ಒಳಗೆ ಇದ್ದವರನ್ನು ನೋಡಿ ಮೀನಾಕ್ಷಿ ತಪ್ಪು ಕೋಣೆಗೆ ಬಂದೆನೆಂದುಕೊಂಡಳು. ಚೀಲದೊಳಗಿನ ಸರ್‌ದು ದಪ್ಪನೆಯ, ಮೀಸೆ ಇರುವ ಧ್ವನಿ. ಇಲ್ಲಿ ಕೂತವರು ಮೂವತ್ತೈದರ ಆಸುಪಾಸಿನ ತೆಳ್ಳನೆಯ ಮನುಷ್ಯ, ಮೀಸೆ ಇಲ್ಲ. ಮುಂದೆ ಒಂದು ಲ್ಯಾಪ್‌ಟಾಪು, ಗಂಟಲಿನ ಗುಳಿಗೆಯ ಪಟ್ಟಿ. ಅವರೂ ಅವಳನ್ನು ಬೇರೆ ಯಾರಿಗಾಗಿಯೋ ಕಾಯುತ್ತಿದ್ದವರಂತೆ ನೋಡಿದರು.

"ಮೀನಾಕ್ಷಿ ನೀವೇನಾ? ರಾಣಿಯ ಮಕ್ಕಳೆಷ್ಟು ಅಂತ ಕೇಳಿದ ಮೀನಾಕ್ಷಿ?"

"ಹೌದು ಸರ್."

"ಕೂತ್ಕೊಳ್ಳಿ. ಹೆಂಗಸರ ಮೆರವಣಿಗೆ. ಯಾವಾಗ, ಹೇಗೆ ಶುರುವಾಯ್ತು, ಹೇಳಿ."

ಅದು ಅವಳಿಗೆ ತನ್ನ ಹೆಸರಿನಷ್ಟೇ ಗೊತ್ತಿದ್ದ ವಿಷಯ. ಬಾಯಿ ತೆರೆದಳು. ಏನೂ ಬರಲಿಲ್ಲ. ಕೈಗಳು ತೊಡೆಯ ಮೇಲೆ ತೊಳೆದಿಟ್ಟ ತಟ್ಟೆಗಳಂತೆ ಬರಿದಾಗಿ ಬಿದ್ದಿದ್ದವು. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅದರ ಲಯ ಬೇರೆ, ಅದು ಯಾವ ರೊಟ್ಟಿಗೂ ಹೊಂದುವಂಥದ್ದಲ್ಲ.

"ತಿಂಗಳಾದ್ರೂ ಹೇಳಿ."

ತಿಂಗಳೂ ಬರಲಿಲ್ಲ.

ಸರ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದಳು, ಅವರು ಬೈದಿದ್ದರೆ ಚೆನ್ನಾಗಿತ್ತು. "ನೋಡಿ, ಇಡೀ ವರ್ಷ ಗೋಡೆಗೆ ಪಾಠ ಮಾಡಿದೀನಿ. ಆ ಕಡೆಯಿಂದ ಬಂದದ್ದು ಒಂದೇ ಒಂದು ಪ್ರಶ್ನೆ. ನಾಳೆ ಬಿಟ್ಟುಬಿಡೋಣ ಈ ಕೆಲಸ ಅನ್ನಿಸಿದಾಗೆಲ್ಲ ಅದನ್ನ ನೆನೆಸ್ಕೊತಿದ್ದೆ. ಅದಾದ್ರೂ ನಿಜವಾಗಿ ಕೇಳ್ತಾ ಇರೋ ಒಂದು ಜೀವದ್ದು ಅಂತ." ಮುಂದಿದ್ದ ಹಾಳೆಯನ್ನು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಮೀನಾಕ್ಷಿ ಪೆನ್ನಿನ ತುದಿಯನ್ನು ನೋಡಿದಳು. ಅದು ಹಾಳೆಗೆ ಇನ್ನೂ ಒಂದು ಗೇಣು ದೂರವಿತ್ತು.

"ಸರ್, ಮೇಜು ತಟ್ಟಲಾ?"

"ಏನು?"

ಅಪ್ಪಣೆಗೆ ಕಾಯಲಿಲ್ಲ. ಎರಡೂ ಅಂಗೈ ಮೇಜಿಗೆ ಬಿದ್ದವು. ಪಟ ಪಟ ಪಟ, ಬಲಗೈ ಏಟು, ಎಡಗೈ ತಿರುವು. ಗುಳಿಗೆಯ ಪಟ್ಟಿ ಕುಣಿದು ಕೆಳಗೆ ಬಿತ್ತು. "ಸಾವಿರದ ಏಳುನೂರ ಎಂಬತ್ತೊಂಬತ್ತು, ಅಕ್ಟೋಬರ್ ಐದು ಸರ್. ಬೆಳಿಗ್ಗೆ. ಸಂತೆಯಲ್ಲಿ ಒಬ್ಬ ಹುಡುಗಿ ಡೋಲು ಬಾರಿಸಿದಳು. ಹೆಂಗಸರು ಸೇರಿದರು, ನಗರಸಭೆಗೆ ನುಗ್ಗಿದರು, ಫಿರಂಗಿ ಎಳೆದರು. ಇಲ್ಲಿ ನಿಮ್ಮ ಕರೆಂಟು ಹೋಯ್ತು ಸರ್, ಏಳು ನಿಮಿಷ ಬಿಟ್ಟು ಬಂದ್ರಿ. ಬಂದು ಮಳೆ ಅಂದ್ರಿ…"

ಸರ್ ಪೆನ್ನು ಕೆಳಗಿಟ್ಟರು. "ನಿಲ್ಲಿ. ಇದೇ ಸದ್ದು. ಅವತ್ತಿಂದು ಇದೇ ಸದ್ದು!"

"ಹೌದು ಸರ್. ಇದು ರೊಟ್ಟಿ." ಕೈ ನಿಲ್ಲಲಿಲ್ಲ, ನಿಂತರೆ ಈ ಮಾತೂ ನಿಂತುಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು. "ನಾನು ರೊಟ್ಟಿ ತಟ್ತೀನಿ ಸರ್, ಆವರಗೆರೇಲಿ. ಗೃಹೋದ್ಯಮ ಅಂದ್ರೆ ಅದೇ. ಅವತ್ತು ಪಕ್ಕದಲ್ಲಿ ಯಾರೂ ಇಲ್ಲ ಅಂದೆ, ಸುಳ್ಳು. ನಮ್ಮವ್ವ ಇದ್ದಳು. ಅವಳೂ ರೊಟ್ಟಿ ತಟ್ತಾಳೆ, ನನಗಿಂತ ಚೆನ್ನಾಗಿ. ನಿಮ್ಮ ಪಾಠ ಎಲ್ಲ ನಾನು ಕಲಿತಿರೋದು ತಟ್ತಾನೇ. ಕೈ ಸುಮ್ಮನಿದ್ರೆ ನನಗೆ ಒಂದೂ ನೆನಪಾಗಲ್ಲ ಸರ್. ಹಾಂ, ಮಳೆ. ಮಳೆಯಲ್ಲೇ ನಡೆದರು, ಸುಮಾರು ಆರು ಸಾವಿರ ಹೆಂಗಸರು…"

"ಏಳು!" ಎಂದಿತು ಕಿಟಕಿ.

ಸರ್ ಕುರ್ಚಿಯಿಂದ ಅರ್ಧ ಎದ್ದರು. ಕಿಟಕಿಯ ಸರಳುಗಳ ನಡುವೆ ಚೌಡವ್ವನ ಮುಖ, ಅವಳ ಭುಜದ ಮೇಲೆ ಬೀಬಿಜಾನಳ ಮುಖ, ಅವರಿಬ್ಬರ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡ ಮಾರೆಮ್ಮ. ಹೊರಗಿನಿಂದ ಬಡೇಸಾಬ್ ಓಡಿ ಬಂದ. "ನನ್ನ ತಪ್ಪಲ್ಲ ಸಾಹೇಬ್ರೆ! ಬಾಗಿಲಲ್ಲಿ ಬಿಡಲ್ಲ ಅಂದೆ, ಕಿಟಕಿಗೆ ಹೋದ್ರು. ಕಿಟಕಿ ಬಗ್ಗೆ ನಂಗೆ ಆರ್ಡರ್ ಇಲ್ಲ."

"ಆ ಧ್ವನಿ!" ಎಂದರು ಸರ್. "ಅವತ್ತು ಹೇಳಿಕೊಟ್ಟ ಧ್ವನಿ!"

"ಇವ್ರೇ ಕಣೇ, ಇವ್ರೇ ಸರ್!" ಎಂದು ಚೌಡವ್ವ ಅವರಿಗಿಂತ ಹೆಚ್ಚು ಸಂಭ್ರಮಪಟ್ಟಳು. "ಅಯ್ಯ ಪಾಪ, ಎಷ್ಟು ಸಣ್ಣಗೆ ಅದಾರೆ! ಕೆಮ್ಮು ಹೆಂಗೈತ್ರಿ ಈಗ? ಹೋದ ವಾರವೆಲ್ಲ ಕೆಮ್ಮಿದ್ರಿ. ಶುಂಠಿ ಕಷಾಯ ಕುಡೀರಿ ಅಂತ ಎಷ್ಟು ಸಲ ಹೇಳಿದೆ, ಕೇಳಲೇ ಇಲ್ಲ ನೀವು."

ಸರ್ ಬಡೇಸಾಬನಿಗೆ ಕೈಸನ್ನೆ ಮಾಡಿದರು. ಮೂವರೂ ಒಳಗೆ ಬಂದರು. ಮಾರೆಮ್ಮ ಬಂದವಳೇ ಮಗಳ ಕುರ್ಚಿಯ ಹಿಂದೆ ನಿಂತು ಅವಳ ಬೆನ್ನ ಮೇಲೆ ಕೈ ಇಟ್ಟಳು. ಆ ಕೈ ಬಿಸಿಯಾಗಿತ್ತು. ಕಿಟಕಿಯ ಆಚೆ ನಿಂತು ಅವಳು ಯಾವ ಮಾತಿನಿಂದ ಕೇಳಿಸಿಕೊಂಡಿದ್ದಳೆಂದು ಮೀನಾಕ್ಷಿ ಕೇಳಲಿಲ್ಲ, ಬೆನ್ನಿಗೆ ತಿಳಿಯಿತು.

"ಅಜ್ಜಿ, ನೀವು ಯಾವ ಪುಸ್ತಕ ಓದಿದ್ರಿ?" ಎಂದು ಸರ್ ಕೇಳಿದರು.

"ನಾನೆಲ್ಲಿ ಓದ್ಲಿ? ಹೆಬ್ಬೆಟ್ಟು. ನೀವೇ ಹೇಳಿದ್ದಲ್ರಿ."

"ಹಂಗಾದ್ರೆ ಹೇಳಿ. ದೊರೆಯನ್ನ ಕರ್ಕೊಂಡು ಬರುವಾಗ ಹೆಂಗಸರು ಏನಂತ ಕೂಗ್ತಿದ್ರು?"

"ರೊಟ್ಟಿಯವನು ಸಿಕ್ಕ, ರೊಟ್ಟಿಯವಳು ಸಿಕ್ಕಳು, ರೊಟ್ಟಿಯವರ ಹುಡುಗ ಸಿಕ್ಕ ಅಂತ" ಎಂದು ಚೌಡವ್ವ ಉಸಿರು ಬಿಡದೆ ಹೇಳಿದಳು. "ಅದೇ ನಂಗೆ ಬಾಳ ಸೇರಿದ್ದು. ಅಷ್ಟು ದೊಡ್ಡ ದೊರೆನ ಹಿಡಿದು, ಕಡೆಗೆ ನಮ್ಮ ಕಸುಬಿನವನು ಅಂದ್ರಲ್ಲ!"

ಸರ್ ಬಗ್ಗಿ ಕೆಳಗೆ ಬಿದ್ದ ಗುಳಿಗೆಯನ್ನು ಎತ್ತಿಕೊಂಡರು. ಆಮೇಲೆ, ಎಷ್ಟೋ ದಿನದಿಂದ ಜೇಬಿನಲ್ಲಿಟ್ಟುಕೊಂಡದ್ದನ್ನು ತೆಗೆಯುವವರಂತೆ ಕೇಳಿದರು. "ಕ್ಲಾಸಿನಲ್ಲಿ ನಾನು ಕೇಳಿಸ್ತಾ ಇದೆಯಾ ಅಂತಿದ್ನಲ್ಲ. ಅವಾಗ ನೀವು…"

"ದಿನಾ ಹೇಳಿದೀವಲ್ರಿ, ಕೇಳಿಸ್ತೈತೆ ಅಂತ" ಎಂದಳು ಬೀಬಿಜಾನ್. "ಗಂಟಲು ಹರಿಯೋ ಹಂಗೆ ಕೂಗಿದೀವಿ. ಈ ಹುಡುಗಿ ಆ ಮೈಕ್ ಹಾಕಿದ್ರೆ ತಾನೆ."

"ಸರ್," ಎಂದಳು ಮೀನಾಕ್ಷಿ, ಬಂದದ್ದೆಲ್ಲ ಬರಲಿ ಎಂದು, "ರಾಣಿ ಮಕ್ಕಳ ಪ್ರಶ್ನೆಯೂ ನಂದಲ್ಲ. ಬೀಬಕ್ಕಂದು."

ಸರ್ ಬೀಬಿಜಾನಳನ್ನು ನೋಡಿದರು. ಅವರ ತೆಳ್ಳನೆಯ ಮುಖದ ತುಂಬ ನಗು ಹರಡಿತು, ಹೆಂಚಿನ ಮೇಲೆ ರೊಟ್ಟಿ ಉಬ್ಬುವಂತೆ, ಒಂದು ಕಡೆಯಿಂದ ಶುರುವಾಗಿ ಇಡೀ ವೃತ್ತಕ್ಕೆ. "ಒಳ್ಳೇ ಪ್ರಶ್ನೆ" ಎಂದರು. "ಬಹಳ ಒಳ್ಳೇ ಪ್ರಶ್ನೆ ಅದು."

"ಅದು ಇರ್ಲಿ, ಆ ಹಿರಿ ಮಗಳು ಏನಾದ್ಲು? ಇನ್ನೊಂದು ದಿನ ಹೇಳ್ತೀನಿ ಅಂದು ಎರಡು ತಿಂಗಳಾತು. ನಂಗೆ ನಿದ್ದೆ ಇಲ್ಲ."

"ಬದುಕಿದಳು. ಅವಳೊಬ್ಬಳೇ ಉಳಿದದ್ದು. ಎಪ್ಪತ್ತೆರಡು ವರ್ಷ ಬಾಳಿದಳು."

"ಯಾ ಅಲ್ಲಾ!" ಎಂದು ಬೀಬಿಜಾನ್ ಎದೆಯ ಮೇಲೆ ಕೈ ಇಟ್ಟುಕೊಂಡು ಹತ್ತಿರದ ಕುರ್ಚಿಯಲ್ಲಿ ಕೂತುಬಿಟ್ಟಳು, ತನ್ನ ಸ್ವಂತ ಅಕ್ಕನ ಮಗಳು ಆಸ್ಪತ್ರೆಯಿಂದ ಮನೆಗೆ ಬಂದಷ್ಟು ಹಗುರಾಗಿ.

ಸರ್ ಹಾಳೆಯ ಮೇಲೆ ಬರೆದು ಮೀನಾಕ್ಷಿಯ ಕಡೆ ತಿರುಗಿಸಿದರು. ಇಪ್ಪತ್ತಕ್ಕೆ ಹದಿನೇಳು. ಕೆಳಗೆ, "ಅನುಮಾನ ನಿವಾರಣೆಯಾಗಿದೆ" ಎಂದು ಸಹಿ.

ಮೀನಾಕ್ಷಿ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಚೌಡವ್ವ ಇಣುಕಿ, "ಎಷ್ಟು?" ಎಂದು ಕೇಳಿ, ಉತ್ತರ ಬಂದದ್ದೇ, "ಮೂರು ಯಾಕೆ ಕಡಿದ್ರಿ?" ಎಂದಳು.

"ಒಂದು, ಆರು ಸಾವಿರ ಅಂದಿದ್ದಕ್ಕೆ. ಒಂದು ನೀವು ಹೇಳಿಕೊಟ್ಟಿದ್ದಕ್ಕೆ. ಇನ್ನೊಂದು, ಪಕ್ಕದಲ್ಲಿ ಯಾರೂ ಇಲ್ಲ ಅಂದಿದ್ದಕ್ಕೆ."

ಕೊನೆಯದನ್ನು ಕೇಳಿ ಚೌಡವ್ವ ತಲೆದೂಗಿದಳು. "ಅದು ಸರಿ. ಅದಕ್ಕೆ ಎರಡು ಕಡಿದ್ರೂ ನಡೀತಿತ್ತು. ಆದ್ರೆ ನಾನು ಹೇಳಿಕೊಟ್ಟಿದ್ದಕ್ಕೆ ಯಾಕೆ? ತಪ್ಪು ಹೇಳಿಕೊಟ್ನಾ?"

"ಇಲ್ಲ. ಹಾಗೆ ನೋಡಿದ್ರೆ ಏಳು ಸಾವಿರ ಅನ್ನೋದೂ ಒಂದು ಅಂದಾಜೇ."

"ಅಂದಾಜು ಮಾಡಿದ್ದು ನೀವೇ!"

ಬಡೇಸಾಬ್ ಜಗಲಿಯಲ್ಲಿ ಚಾಪೆ ಹಾಸಿದ. ಮಾರೆಮ್ಮ ಬಟ್ಟೆಯ ಗಂಟು ಬಿಚ್ಚಿದಳು. ಆ ಬೆಳಿಗ್ಗೆಯ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಸರ್ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಅಡ್ಡ ಹಿಡಿದರು, ಮಾರೆಮ್ಮ ಕೈಯ ಮೇಲೆಯೇ ಹಾಕಿದಳು. "ನಮ್ಮ ಮೆಸ್ಸಿನ ರೊಟ್ಟಿ ಥರಾನೇ ಇದೆ" ಎಂದರು ಸರ್. ದಾವಣಗೆರೆಯಲ್ಲಿ ಅವರು ಊಟ ಮಾಡುವ ಮೆಸ್ಸಿನ ಹೆಸರು ಹೇಳಿದಾಗ ಚೌಡವ್ವ ಬಿದ್ದು ಬಿದ್ದು ನಕ್ಕಳು. ವರ್ಷದಿಂದ ಅವರು ತಿನ್ನುತ್ತಿದ್ದದ್ದು ತಮ್ಮದೇ ಪಾಠ ಕೇಳಿಸಿಕೊಂಡ ರೊಟ್ಟಿ.

ಸಂಜೆ ಅವರೂ ದಾವಣಗೆರೆಗೇ ಹೋಗಬೇಕಿತ್ತು. ಬಸ್ಸಿಗೆ ಹೋಗುತ್ತೇನೆ ಎಂದರು. ಚೌಡವ್ವ ಬಿಡಲಿಲ್ಲ. "ಅಷ್ಟು ದೂರ ಬಂದು ಬರಿಗೈಲಿ ಹೋಗಾಕೆ ಆಗುತ್ತೇನ್ರಿ? ಅವ್ರು ದೊರೆನ ಕರ್ಕಂಡು ಹೋದ್ರು, ನಾವು ಮೇಷ್ಟ್ರನ್ನಾದ್ರೂ ಕರ್ಕಂಡು ಹೋಗ್ತೀವಿ. ಗೌಸ್ ಪೀರ, ಮುಂದೆ ಜಾಗ ಮಾಡಪ್ಪ!"

ಗೌಸ್ ಪೀರ್ ತನ್ನ ಪಕ್ಕದ ಸೀಟಿನ ಮೇಲಿದ್ದ ಖಾಲಿ ಪುಟ್ಟಿಗಳನ್ನು ಹಿಂದಕ್ಕೆ ದಾಟಿಸಿದ. ಹಿಂದೆ ತಾಡಪಾಲಿನ ಕೆಳಗೆ ನಾಲ್ವರು ಹೆಂಗಸರು. ಮುಂದೆ, ಬ್ಯಾಗು ತೊಡೆಯ ಮೇಲಿಟ್ಟುಕೊಂಡ ಇತಿಹಾಸ. ಹೊಳೆಯ ಕಡೆಯಿಂದ ಸಣ್ಣ ಮಳೆ ಶುರುವಾಯಿತು.

"ಅವತ್ತೂ ಮಳೆ ಬಂದಿತ್ತಲ್ರಿ!" ಎಂದು ಚೌಡವ್ವ ಹಿಂದಿನಿಂದ ಕೂಗಿದಳು.

ಸರ್ ತಿರುಗಿ ಏನೋ ಉತ್ತರ ಹೇಳಿದರು. ಬಾಯಿ ಆಡುವುದು ಕಂಡಿತು, ಕೈ ಆಡುವುದೂ ಕಂಡಿತು. ಮೆರವಣಿಗೆಯ ಬಗ್ಗೆ ಪುಸ್ತಕದಲ್ಲಿ ಇಲ್ಲದ್ದೇನನ್ನೋ ಹೇಳುತ್ತಿದ್ದಾರೆ ಎಂಬುದು ಅವರ ಹುಬ್ಬಿನಿಂದ ಗೊತ್ತಾಗುತ್ತಿತ್ತು. ಆಟೋದ ಇಂಜಿನ್ನು ಅದನ್ನೆಲ್ಲ ನುಂಗಿಹಾಕಿತು. ಅವರು ಅರ್ಧಕ್ಕೆ ನಿಲ್ಲಿಸಿ, ಕತ್ತು ಚಾಚಿ ಕೂಗಿದರು:

"ಕೇಳಿಸ್ತೈತಾ?"

ಮೀನಾಕ್ಷಿ ಎಲ್ಲರಿಗಿಂತ ಮೊದಲು ಬಾಯಿಗೆ ಎರಡೂ ಕೈ ಒಡ್ಡಿ ಕೂಗಿದಳು.

"ಇಲ್ಲ ಸರ್! ಒಂದಕ್ಷರಾನೂ ಕೇಳಿಸ್ತಿಲ್ಲ!"